ಪ್ರೀತಿ ಮುಂದಿನ ಸಾಲಿಗೆ, ಗದರಿಕೆ ಹಿಂದಿನ ಸಾಲಿಗೆ

"ಪ್ರೀತಿಯಿಂದಲೇ ಹೇಳುತ್ತಿದ್ದೇನೆ" ಎಂದು ದೇವರ ಮಾತನ್ನೇ ನುಡಿಯುತ್ತೇನೆನ್ನುವ ಕ್ರೈಸ್ತ ಪ್ರವಾದಿಯೊಬ್ಬರು ಮೈಕು ಕೈಗೆತ್ತಿಕೊಂಡರೆ ಪಳಗಿದ ವಿಶ್ವಾಸಿಗಳು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಚುಚ್ಚುಮದ್ದು ಕೊಡುವ ಮೊದಲು ದಾದಿ ತೋಳಿಗೆ ಸ್ಪಿರಿಟ್ ಅದ್ದಿದ ಹತ್ತಿ ಸವರುತ್ತಾರಲ್ಲ, ಆ ಕೆಲಸವನ್ನು ಈ ವಾಕ್ಯ ಮಾಡುತ್ತದೆ. ತಣ್ಣಗಿರುತ್ತದೆ, ಒಂದು ಕ್ಷಣ ಹಿತವಾಗಿಯೂ ಇರುತ್ತದೆ. ಮುಂದೇನು ಬರಲಿದೆ ಎಂಬುದು ತೋಳಿಗೆ ಗೊತ್ತಿರುತ್ತದೆ.

ನಾನು ಹೋಗಿದ್ದ ಕೂಟಕ್ಕೆ ಅಂದು ಬಂದಿದ್ದ ಪ್ರವಾದಿಯವರನ್ನು ಸಂಘಟಕರು ಪರಿಚಯಿಸಿದ್ದೇ ಹೀಗೆ: "ಇವರ ಸೇವೆಯಲ್ಲಿ ಪ್ರೀತಿಯೂ ಇದೆ, ತಿದ್ದುಪಾಟೂ ಇದೆ. ಎರಡೂ ಸಮಸಮವಾಗಿವೆ." ತಕ್ಕಡಿ ಹಿಡಿದು ತೂಗಿ ನೋಡಿದವರ ಧಾಟಿಯಲ್ಲಿತ್ತು ಆ ಮಾತು. ನಾನೂ ನಂಬಿದೆ. ಕೊನೆಯಲ್ಲಿ ಲೆಕ್ಕ ಹಾಕಿದರೆ ಅದು ನಿಜವೇ ಆಗಿತ್ತು. ಅರ್ಧ ಪ್ರೀತಿ, ಅರ್ಧ ಗದರಿಕೆ. ಹಂಚಿಕೆಯಲ್ಲಿ ಮಾತ್ರ ಒಂದು ಶಿಸ್ತಿತ್ತು: ಪ್ರೀತಿ ಮೊದಲ ಸಾಲಿಗೆ, ಗದರಿಕೆ ಕೊನೆಯ ಸಾಲಿಗೆ.

ಆರಂಭ ಸಾಮಾನ್ಯ ಪ್ರಕಟಣೆಗಳಿಂದ ಆಯಿತು. "ಇಲ್ಲಿ ಬೆನ್ನುನೋವಿನಿಂದ ನರಳುತ್ತಿರುವ ಒಬ್ಬರಿದ್ದಾರೆಂದು ಕರ್ತನು ತೋರಿಸುತ್ತಿದ್ದಾನೆ." ಮೂರು ಗಂಟೆಯಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ನಾವೆಲ್ಲರೂ ಕೈ ಎತ್ತಬಹುದಿತ್ತು. ನಂತರ, "ಇಲ್ಲೊಬ್ಬರ ಹೃದಯದಲ್ಲಿ ಗುಪ್ತ ಪಾಪವಿದೆ." ಕುಂಬಳಕಾಯಿ ಕಳ್ಳ ಎಂದರೆ ಒಬ್ಬನಾದರೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಇಲ್ಲಿ ಇಡೀ ಸಭೆಯೇ ಹೆಗಲು ಮುಟ್ಟಿಕೊಂಡಿತು. ನಾನಂತೂ ಎರಡೂ ಹೆಗಲು ಮುಟ್ಟಿ ನೋಡಿಕೊಂಡೆ.

ಆಮೇಲೆ ವೈಯಕ್ತಿಕ ಪ್ರವಾದನೆಗಳ ಸರದಿ. ಮೊದಲ ಸಾಲಿನಲ್ಲಿ ಕೂತಿದ್ದವರು ಆ ದಿನದ ಧ್ವನಿವರ್ಧಕದ ಖರ್ಚು ವಹಿಸಿಕೊಂಡಿದ್ದ ಉದ್ಯಮಿ. ತಮ್ಮ ಕೆಲಸಗಾರರಿಗೆ ಅವರು ಎರಡು ತಿಂಗಳಿಂದ ಸಂಬಳ ಕೊಟ್ಟಿಲ್ಲವೆಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಹುಶಃ ಧ್ವನಿವರ್ಧಕಕ್ಕೂ ಗೊತ್ತಿತ್ತು. ಪ್ರವಾದಿಯವರು ಅವರ ತಲೆಯ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ, "ಮಗನೇ, ಕರ್ತನು ನಿನ್ನನ್ನು ವಿಶಾಲವಾದ ಸ್ಥಳಕ್ಕೆ ತರುತ್ತಿದ್ದಾನೆ, ನಿನ್ನ ಗುಡಾರದ ಹಗ್ಗಗಳನ್ನು ಉದ್ದಮಾಡುತ್ತಿದ್ದಾನೆ" ಎಂದರು. ಸಂಬಳದ ವಿಷಯವನ್ನು ಸ್ವರ್ಗ ಆ ದಿನ ಬಹಿರಂಗಪಡಿಸಲಿಲ್ಲ.

ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಬೆಳಿಗ್ಗೆ ನೆಲ ಗುಡಿಸಿ ಕುರ್ಚಿ ಹಾಕಿದವರು ಅವರೇ. ಅವರನ್ನು ಎದ್ದು ನಿಲ್ಲಿಸಿ ಪ್ರವಾದಿಯವರು ಹೇಳಿದರು: "ಪ್ರೀತಿಯಿಂದಲೇ ಹೇಳುತ್ತಿದ್ದೇನೆ ತಂಗಿ, ನಿನ್ನಲ್ಲಿ ದಂಗೆಯ ಆತ್ಮವಿದೆ." ಸಭೆ ಆಮೆನ್ ಎಂದಿತು. ಮೈಕಿಗೆ ಪ್ರತಿಧ್ವನಿಯ ವ್ಯವಸ್ಥೆ ಜೋಡಿಸಿದ್ದರಿಂದ "ದಂಗೆಯ ಆತ್ಮವಿದೆ, ವಿದೆ, ವಿದೆ" ಎಂದು ಮೂರು ಸಲ ಕೇಳಿಸಿತು. ಆಕೆಯ ದಂಗೆ ಏನೆಂದು ಆಮೇಲೆ ತಿಳಿಯಿತು. ಹಿಂದಿನ ವಾರ, ಉಪವಾಸ ಕೂಟದ ಕಾಣಿಕೆಯ ಲೆಕ್ಕವನ್ನು ಯಾಕೆ ಓದಿ ಹೇಳಲಿಲ್ಲ ಎಂದು ಕೇಳಿದ್ದರಂತೆ. ಪ್ರವಾದಿಯವರು ಮಧ್ಯಾಹ್ನ ಊಟ ಮಾಡಿದ್ದು ಪಾಸ್ಟರ ಮನೆಯಲ್ಲಿ. ಕೆಲವು ದರ್ಶನಗಳು ಊಟದ ಜೊತೆಗೇ ಬಡಿಸಲ್ಪಡುತ್ತವೆ.

ಇಂಥವರು ತಪ್ಪದೆ ಉದ್ಧರಿಸುವ ವಚನವೊಂದಿದೆ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಮೂರನೆಯ ಅಧ್ಯಾಯದ ಹತ್ತೊಂಬತ್ತನೆಯದು. ನಾನು ಪ್ರೀತಿಸುವವರನ್ನೇ ಗದರಿಸುತ್ತೇನೆ, ಶಿಕ್ಷಿಸುತ್ತೇನೆ ಎಂಬ ಯೇಸುವಿನ ಮಾತು. ಅಂದೂ ಉದ್ಧರಿಸಿದರು, ಆ ಹೆಂಗಸನ್ನು ನೋಡುತ್ತಲೇ. ಮನೆಗೆ ಬಂದು ಆ ಪುಟ ತೆರೆದೆ. ಅದು ಲವೊದಿಕೀಯ ಎಂಬ ಪುರಾತನ ಊರಿನ ಸಭೆಗೆ ಬರೆದ ಪತ್ರ. ಎರಡೇ ವಚನ ಮೇಲಕ್ಕೆ ಹೋದರೆ, ಆ ಸಭೆಯವರು ಯಾರೆಂಬ ವಿವರ ಸಿಗುತ್ತದೆ: ನಾನು ಐಶ್ವರ್ಯವಂತ, ನನಗೆ ಯಾವ ಕೊರತೆಯೂ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದವರು. ಅಂದರೆ ಆ ವಚನ ಅಂದೇ ಮುಂದಿನ ಸಾಲಿನ ವಿಳಾಸಕ್ಕೆ ಹೊರಟದ್ದು. ಅಂಚೆಯವನು ಸಾಲು ತಪ್ಪಿ ಕೊನೆಯ ಕುರ್ಚಿಗೆ ತಲುಪಿಸಿದ್ದಾನೆ.

ಅಲ್ಲಿ ಏಳು ಊರುಗಳ ಸಭೆಗಳಿಗೆ ಬರೆದಿರುವ ಏಳು ಪತ್ರಗಳನ್ನೂ ಓದಿದರೆ ಇನ್ನೂ ಮಜವಾಗುತ್ತದೆ. ಒಂದೇ ಒಂದು ಗದರಿಕೆಯೂ ಇಲ್ಲದ ಪತ್ರಗಳು ಎರಡು. ಒಂದು ಸ್ಮುರ್ನಕ್ಕೆ, ಅಲ್ಲಿಯವರು ಬಡವರು. ಇನ್ನೊಂದು ಫಿಲದೆಲ್ಫಿಯಕ್ಕೆ, ಅಲ್ಲಿಯವರಿಗೆ ಇದ್ದದ್ದು ಅಲ್ಪ ಶಕ್ತಿ. ಹೊಗಳಿಕೆಯ ಒಂದು ಪದವೂ ಸಿಗದ ಸಭೆ ಯಾವುದು ಎಂದರೆ, ಅದೇ ಸಿರಿವಂತ ಲವೊದಿಕೀಯ. ಇಂದಿನ ಯಾವ ಪ್ರವಾದಿಯಾದರೂ ಈ ಏಳು ಪತ್ರಗಳ ಕರಡನ್ನು ಬರೆದುಕೊಟ್ಟಿದ್ದರೆ ಲವೊದಿಕೀಯಕ್ಕೆ ಹೊಸ ಬಾಗಿಲುಗಳು ತೆರೆಯುತ್ತಿದ್ದವು, ಸ್ಮುರ್ನದವರಿಗೆ "ನಿಮ್ಮ ಬಡತನಕ್ಕೆ ದಶಮಾಂಶ (ಗಳಿಕೆಯ ಹತ್ತನೆಯ ಒಂದು ಪಾಲು) ಕೊಡದಿರುವುದೇ ಕಾರಣ" ಎಂಬ ಪ್ರೀತಿಯ ಬುದ್ಧಿಮಾತು ಹೋಗುತ್ತಿತ್ತು.

ಗದರಿಕೆಯೇ ಇಲ್ಲದ ಪ್ರವಾದಿಗಳೂ ಇದ್ದಾರೆ, ಅವರನ್ನು ಬಿಟ್ಟರೆ ಅನ್ಯಾಯವಾದೀತು. ಪ್ರತಿ ಜನವರಿಯಲ್ಲಿ ಅವರು "ಇದು ಇಮ್ಮಡಿ ಆಶೀರ್ವಾದದ ವರ್ಷ" ಎಂದು ಸಾರುತ್ತಾರೆ. ಹತ್ತು ವರ್ಷ ಬಿಡದೆ ಇಮ್ಮಡಿಯಾದರೆ 1024 ಪಟ್ಟು ಆಗಬೇಕು. ನನ್ನದು ಒಂದೂವರೆ ಪಟ್ಟಿನಲ್ಲೇ ನಿಂತಿದೆ, ಅದೂ ಸೊಂಟದ ಸುತ್ತಳತೆಯಲ್ಲಿ. ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿಯುವವರು ಎಂದು ಬೈಬಲಿನ ಪ್ರವಾದಿ ಯೆಹೆಜ್ಕೇಲ ಇವರ ಹಿರಿಯರನ್ನು ಬೈದದ್ದುಂಟು. ಸುಣ್ಣ ಬಳಿಯುವವರಿಗೆ ಇಂದಿಗೂ ಕೆಲಸಕ್ಕೆ ಬರವಿಲ್ಲ.

ಇವರ ಸಂಘದ ಆದಿಪುರುಷರು ಬೈಬಲಿನಲ್ಲಿ ಬರುವ ಇಸ್ರಾಯೇಲಿನ ಅರಸ ಅಹಾಬನ ಆಸ್ಥಾನದಲ್ಲಿದ್ದ ಸುಮಾರು 400 ಮಂದಿ ಪ್ರವಾದಿಗಳು. ಯುದ್ಧಕ್ಕೆ ಹೋಗಲೇ ಎಂದು ಅರಸ ಕೇಳಿದ, ನಾನೂರು ಬಾಯಿಗಳೂ ಹೋಗು ಎಂದವು. ಚಿದ್ಕೀಯ ಎಂಬಾತ ಕಬ್ಬಿಣದ ಕೊಂಬುಗಳನ್ನೇ ಮಾಡಿಸಿ ತಂದು, ಶತ್ರುವನ್ನು ಹೀಗೆ ತಿವಿಯುತ್ತೀ ಎಂದು ತೋರಿಸಿದ. ಪ್ರದರ್ಶನದ ಸಲಕರಣೆ ಇಲ್ಲದೆ ಪ್ರವಾದನೆ ರಂಗೇರುವುದಿಲ್ಲ ಎಂಬುದನ್ನು ಆತ ಆಗಲೇ ಅರಿತಿದ್ದ. ಇನ್ನೊಬ್ಬನಿದ್ದ, ಮೀಕಾಯೆಹು. ಅವನ ಮೇಲೆ ಅರಸನ ದೂರು ಎಷ್ಟು ಪ್ರಾಮಾಣಿಕವಾಗಿತ್ತೆಂದರೆ ಅರಸನನ್ನೇ ಮೆಚ್ಚಬೇಕೆನಿಸುತ್ತದೆ: ಅವನು ನನ್ನ ಬಗ್ಗೆ ಒಳ್ಳೆಯದನ್ನು ಹೇಳುವುದೇ ಇಲ್ಲ, ಆದ್ದರಿಂದ ಅವನನ್ನು ಕಂಡರೆ ನನಗಾಗದು. ಕರೆಯಲು ಹೋದ ದೂತ ದಾರಿಯಲ್ಲೇ ಕಿವಿಮಾತು ಹೇಳಿದ, ಎಲ್ಲರೂ ಒಂದೇ ಬಾಯಿಂದ ಶುಭ ನುಡಿದಿದ್ದಾರೆ, ನಿನ್ನದೂ ಹಾಗೇ ಇರಲಿ. ಇಂದು ಇದನ್ನೇ ಸಂಘಟಕರು "ನಮ್ಮ ಸಭೆಯ ದರ್ಶನಕ್ಕೆ ಹೊಂದಿಕೊಂಡು ಮಾತಾಡಿ" ಎನ್ನುತ್ತಾರೆ. ಮೀಕಾಯೆಹು ಹೊಂದಿಕೊಳ್ಳಲಿಲ್ಲ. ಕೆನ್ನೆಗೆ ಏಟು ಬಿತ್ತು, ಹೊಡೆದವನು ಸಹಪ್ರವಾದಿ ಚಿದ್ಕೀಯನೇ. ಆಮೇಲೆ ಸೆರೆಮನೆ, ಅರೆಹೊಟ್ಟೆಯ ರೊಟ್ಟಿ, ನೀರು. ಯುದ್ಧಕ್ಕೆ ಹೋದ ಅಹಾಬ ಜೀವಸಹಿತ ಮರಳಲಿಲ್ಲ.

ಅಂದು ನನಗೆ ಪದೇ ಪದೇ ನೆನಪಾದವನು ಅರಸ ದಾವೀದನ ಕಾಲದ ಪ್ರವಾದಿ ನಾತಾನ. ಪ್ರವಾದನೆಯ ತರಗತಿಗಳಲ್ಲಿ ಎಲ್ಲರೂ ಅವನ "ನೀನೇ ಆ ಮನುಷ್ಯನು" ಎಂಬ ಮಾತನ್ನು ಬಾಯಿಪಾಠ ಮಾಡುತ್ತಾರೆ, ಬೆರಳು ತೋರಿಸುವ ಭಂಗಿಯ ಸಮೇತ. ಆ ಬೆರಳು ಯಾರ ಕಡೆಗಿತ್ತು ಎಂಬುದನ್ನು ಮರೆಯುತ್ತಾರೆ. ಅದು ಸಿಂಹಾಸನದ ಕಡೆಗಿತ್ತು, ಬತ್ಷೆಬೆಯ ಗಂಡನನ್ನು ಕೊಲ್ಲಿಸಿ ಅವಳನ್ನು ತನ್ನವಳನ್ನಾಗಿ ಮಾಡಿಕೊಂಡಿದ್ದ ದಾವೀದನ ಕಡೆಗೆ. ಗಂಡನನ್ನು ಕಳೆದುಕೊಂಡಿದ್ದ ಬತ್ಷೆಬೆಯನ್ನು ಎದ್ದು ನಿಲ್ಲಿಸಿ ಅವನು ಒಂದು ಮಾತೂ ಆಡಲಿಲ್ಲ. ಅರಸನಿಗೂ ನೇರವಾಗಿ ಹೊಡೆಯಲಿಲ್ಲ, ಬಡವನೊಬ್ಬನ ಮಡಿಲಲ್ಲಿ ಮಗಳಂತೆ ಮಲಗುತ್ತಿದ್ದ ಕುರಿಮರಿಯನ್ನು ಸಿರಿವಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ತೀರ್ಪನ್ನು ದಾವೀದನೇ ಕೊಟ್ಟ. ಇದೇ ನಾತಾನ ಅದಕ್ಕೆ ಮುಂಚೆ ಒಮ್ಮೆ ಎಡವಿದ್ದ ಕೂಡ. ದೇವಾಲಯ ಕಟ್ಟಲೇ ಎಂದು ದಾವೀದ ಕೇಳಿದಾಗ, ನಿನ್ನ ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ದೇವರು ನಿನ್ನೊಂದಿಗಿದ್ದಾನೆ ಎಂದುಬಿಟ್ಟ. ಅದೇ ರಾತ್ರಿ ದೇವರು ಹಾಗಲ್ಲ ಎಂದ. ನಾತಾನ ಮತ್ತೆ ಅರಮನೆಗೆ ಹೋಗಿ ನಿನ್ನೆ ಹೇಳಿದ್ದನ್ನು ತಿದ್ದಿಕೊಂಡ. "ನಾನು ಹೇಳಿದ್ದು ಆತ್ಮಿಕ ಅರ್ಥದಲ್ಲಿ" ಎನ್ನಲಿಲ್ಲ, "ನಿನ್ನ ವಿಶ್ವಾಸ ಸಾಲದು" ಎಂದು ಅರಸನ ಮೇಲೆ ಹಾಕಲಿಲ್ಲ. ಆ ಕಸುಬಿನವರಲ್ಲಿ ಇದು ಅಪರೂಪದ ವರ.

ಎಷ್ಟು ಅಪರೂಪವೆಂದರೆ, ಅಮೆರಿಕದಲ್ಲಿ ಅದಕ್ಕೊಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು. 2020ರ ಚುನಾವಣೆಯಲ್ಲಿ ಟ್ರಂಪ್ ಮತ್ತೆ ಗೆಲ್ಲುತ್ತಾರೆಂದು ದೇವರ ಹೆಸರಿನಲ್ಲಿ ನುಡಿದವರು ಅಲ್ಲಿ ಹಲವರಿದ್ದರು. ಗೆದ್ದದ್ದು ಬೈಡನ್. ತಪ್ಪಾಯಿತು ಎಂದು ಬಹಿರಂಗವಾಗಿ ಕ್ಷಮೆ ಕೇಳಿದವರು ಕೆಲವರೇ. ಹಾಗೆ ಕೇಳಿದ ಒಬ್ಬರಿಗೆ ಕೊಲೆ ಬೆದರಿಕೆಗಳೂ ಬಂದವು, ಕ್ರೈಸ್ತರಿಂದಲೇ. ಪ್ರೀತಿ, ತಿದ್ದುಪಾಟು ಎರಡೂ ಒಂದೇ ಲಕೋಟೆಯಲ್ಲಿ! 2021ರ ಏಪ್ರಿಲ್‌ನಲ್ಲಿ ಹಲವು ನಾಯಕರು ಸಹಿ ಹಾಕಿದ ಮಾನದಂಡಗಳ ಹೇಳಿಕೆ ಬಂತು. ಬಹಿರಂಗವಾಗಿ ನುಡಿದದ್ದು ಸುಳ್ಳಾದರೆ ಬಹಿರಂಗವಾಗಿಯೇ ಹೊಣೆ ಹೊರಬೇಕು ಎಂಬುದು ಅದರ ಒಂದು ಮುಖ್ಯ ಅಂಶ. ಬೈಬಲಿನ ಧರ್ಮೋಪದೇಶಕಾಂಡ ಓದಿದವರಿಗೆ ಇದು ಹೊಸ ಸುದ್ದಿಯಲ್ಲ. ಅಲ್ಲಿ ಸುಳ್ಳು ಪ್ರವಾದಿಗೆ ವಿಧಿಸಿರುವುದು ಮರಣದಂಡನೆ, ಕ್ಷಮಾಪಣಾ ವೀಡಿಯೊ ಅಲ್ಲ.

ಅಪೊಸ್ತಲ ಪೌಲನ ವ್ಯವಸ್ಥೆ ಇನ್ನೂ ಸರಳ. ಪ್ರವಾದಿಗಳು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ವಿವೇಚಿಸಲಿ ಎಂದು ಕೊರಿಂಥದ ಸಭೆಯವರಿಗೆ ಬರೆದ. ನಾವು ಮೊದಲರ್ಧವನ್ನು ಪಾಲಿಸುತ್ತೇವೆ. ವಿವೇಚಿಸುವ ಉಳಿದವರಿಗೆ ಇಡೀ ಸಭಾಂಗಣದಲ್ಲಿ ಒಂದು ಮೈಕೂ ಇಲ್ಲ. ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಇಬ್ಬರೋ ಮೂವರೋ ಹೋಗಿ, ಆಮೇಲೆ ಸಭೆಗೆ ತಿಳಿಸು ಎಂದು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹಾಕಿಕೊಟ್ಟ ಕ್ರಮವನ್ನು ನಾವು ತಲೆಕೆಳಗು ಮಾಡಿ ಪಾಲಿಸುತ್ತೇವೆ. ಮೊದಲು ಮೈಕಿನಲ್ಲಿ, ನಂತರ ಯೂಟ್ಯೂಬಿನಲ್ಲಿ, ಏನಾದರೂ ಗಲಾಟೆಯಾದರೆ ಕೊನೆಗೆ ಒಬ್ಬರೇ ಹೋಗಿ ಮಾತಾಡುವುದು. ಪೌಲನು ಪೇತ್ರನನ್ನು ಎಲ್ಲರೆದುರಿಗೇ ಗದರಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಗದರಿಸಿದ, ಅಂತಿಯೋಕ್ಯದಲ್ಲಿ. ಆದರೆ ಪೇತ್ರ ಸಭೆಯ ಕಂಬ ಎನಿಸಿಕೊಂಡವನು, ಕುರ್ಚಿ ಹಾಕುವ ಹೆಂಗಸಲ್ಲ.

ಆದಿಸಭೆಯವರು ಈ ಪೈಕಿಯವರನ್ನು ಚೆನ್ನಾಗಿ ಬಲ್ಲರು. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಸ್ತಪ್ರತಿ ಸಿಕ್ಕಿದ 'ದಿದಾಖೆ' ಎಂಬ ಪುರಾತನ ಕೈಪಿಡಿಯಲ್ಲಿ ಲಕ್ಷಣಗಳನ್ನೇ ಕೊಟ್ಟಿದ್ದಾರೆ. ಆತ್ಮಾವೇಶದಲ್ಲಿ ಊಟಕ್ಕೆ ಅಪ್ಪಣೆ ಕೊಟ್ಟು ತಾನೇ ಕೂತು ಉಂಡರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ನನಗೆ ಹಣ ಕೊಡಿ ಎಂದರೆ ಅವನ ಮಾತು ಕೇಳಬೇಡಿ, ಬೇರೆ ಬಡವರಿಗಾಗಿ ಕೇಳಿದರೆ ಸರಿ. ಈ ಎರಡು ಸಾಲುಗಳನ್ನು ಅಚ್ಚು ಹಾಕಿಸಿ ಕೂಟದ ಬಾಗಿಲಲ್ಲಿ ತೂಗುಹಾಕಿದರೆ ಎಷ್ಟು ವಾಹನಗಳು ಬಂದ ದಾರಿಯಲ್ಲೇ ತಿರುಗಿ ಹೋಗುತ್ತವೋ!

ಕೂಟ ಮುಗಿದ ಮೇಲೆ ಧೈರ್ಯ ಮಾಡಿ ಪ್ರವಾದಿಯವರ ಬಳಿಗೆ ಹೋದೆ. ಒಬ್ಬನೇ ಹೋದೆ, ಮತ್ತಾಯನ ಕ್ರಮದಂತೆ. "ಅಯ್ಯಾ, ಪ್ರೀತಿಯಿಂದಲೇ ಕೇಳುತ್ತಿದ್ದೇನೆ..." ಎಂದು ಬಾಯಿ ತೆರೆದದ್ದೇ ತಡ, ಅವರ ಪಕ್ಕದಲ್ಲಿದ್ದ ಯುವಕ ನನ್ನ ಎದೆಯ ಮೇಲೆ ಮೆಲ್ಲಗೆ ಅಂಗೈಯಿಟ್ಟ. "ಬ್ರದರ್, ದೇವರ ಅಭಿಷಿಕ್ತರನ್ನು ಮುಟ್ಟಬೇಡಿ." ನಾನು ಮುಟ್ಟಿರಲಿಲ್ಲ, ಮುಟ್ಟಿದ್ದವನು ಅವನು. ಪ್ರವಾದಿಯವರು ಮಾತ್ರ ಸಿಟ್ಟಾಗಲಿಲ್ಲ. ನನ್ನನ್ನು ಕರುಣೆಯಿಂದ ನೋಡಿ, "ಸಹೋದರರೇ, ನಿಮ್ಮ ಮೇಲೆ ವಿಮರ್ಶೆಯ ಆತ್ಮವಿದೆ. ಪ್ರಾರ್ಥಿಸುತ್ತೇನೆ" ಎಂದು ಮುಂದಿನ ಸಾಲಿನವರ ಜೊತೆ ಫೋಟೊಗೆ ನಿಂತರು. ಆ ದಿನ ಪುಕ್ಕಟೆ ಸಿಕ್ಕಿದ ಪ್ರವಾದನೆ ನನ್ನದೊಂದೇ ಇರಬೇಕು.

ದಾವೀದನಿಗೂ ಬತ್ಷೆಬೆಗೂ ಮುಂದೆ ಇನ್ನೊಂದು ಮಗು ಹುಟ್ಟಿತು. ಅದಕ್ಕೆ ಯೆದೀದ್ಯ, ಅಂದರೆ ಯೆಹೋವನ ಪ್ರಿಯ, ಎಂಬ ಹೆಸರನ್ನು ಹೊತ್ತು ಅರಮನೆಗೆ ಬಂದವನು ಬೇರೆ ಯಾರೂ ಅಲ್ಲ, ಅದೇ ನಾತಾನ. ದಾವೀದ ಮುದುಕನಾಗಿ ಹಾಸಿಗೆ ಹಿಡಿದಾಗಲೂ ಆತ ಅಲ್ಲೇ ಇದ್ದ, ಬತ್ಷೆಬೆಯ ಪರವಾಗಿ ಮಾತಾಡಲು. ನಮ್ಮ ಪ್ರವಾದಿಯವರು ಫೋಟೊ ಮುಗಿಸಿ ಹತ್ತು ನಿಮಿಷದಲ್ಲಿ ಹೊರಟರು, ಸಂಜೆ ಬೇರೆ ಕಡೆ ಕೂಟವಿತ್ತಂತೆ.

ನಾನು ಬೆನ್ನುನೋವಿನ ಜೊತೆ ಒಂದು ಕುರ್ಚಿಯಲ್ಲಿ ಕೂತೇ ಇದ್ದೆ. ಸಭಾಂಗಣ ಖಾಲಿಯಾಗಿತ್ತು. ದಂಗೆಯ ಆತ್ಮದ ಆ ಹೆಂಗಸು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ನನ್ನ ಸಾಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ಅಣ್ಣಾ, ಸ್ವಲ್ಪ ಏಳುತ್ತೀರಾ? ಇದೊಂದೇ ಉಳಿದಿರುವುದು."