ಟೈಪ್‌ಡೆಫ್: ಫಂಕ್ಷನ್ ಪಾಯಿಂಟರ್‌ಗೆ ಬೇರೆ ನಿಯಮವೇನೂ ಇಲ್ಲ

ಸಿ ಭಾಷೆಯಲ್ಲಿ ಒಂದು ಟೈಪಿಗೆ ಹೊಸ ಹೆಸರು ಕೊಡಲು ಬಳಸುವ ಪದ ಟೈಪ್‌ಡೆಫ್. "ಟೈಪ್‌ಡೆಫ್‌ನಲ್ಲಿ ಮೊದಲು ಹಳೆಯ ಟೈಪ್, ಕೊನೆಗೆ ಹೊಸ ಹೆಸರು. ಫಂಕ್ಷನ್ ಪಾಯಿಂಟರ್ ಮಾತ್ರ ಅಪವಾದ, ಬಾಯಿಪಾಠ ಮಾಡಿಕೊಳ್ಳಿ" ಎಂಬ ಮಾತು ಸಿ ಕಲಿಯುವವರ ನಡುವೆ ಓಡಾಡುತ್ತಿದೆ. ಇದು ತಪ್ಪು. ಹೀಗೆ ಹೇಳಿಕೊಟ್ಟೇ ಎಷ್ಟೋ ಮಕ್ಕಳಿಗೆ ಪಾಯಿಂಟರ್ ಎಂದರೆ ಭಯ ಹುಟ್ಟಿಸಿದ್ದೇವೆ.

ನಿಯಮ ಒಂದೇ. ವೇರಿಯಬಲ್ ಡಿಕ್ಲೇರ್ ಮಾಡುವ ಹಾಗೆಯೇ ಬರೆಯಿರಿ, ಸಾಲಿನ ಮೊದಲಿಗೆ ಟೈಪ್‌ಡೆಫ್ ಸೇರಿಸಿ. ವೇರಿಯಬಲ್‌ನ ಹೆಸರು ಎಲ್ಲಿರುತ್ತಿತ್ತೋ ಅಲ್ಲಿರುವುದೇ ಟೈಪಿನ ಹೆಸರು.

ಇಂಟ್ (*ಹೋಲಿಕೆ)(ಇಂಟ್, ಇಂಟ್);

ಇಲ್ಲಿ 'ಹೋಲಿಕೆ' ಒಂದು ವೇರಿಯಬಲ್. ಎರಡು ಇಂಟ್ ಪಡೆದು ಇಂಟ್ ಹಿಂದಿರುಗಿಸುವ ಫಂಕ್ಷನ್‌ನ ವಿಳಾಸ ಇಟ್ಟುಕೊಳ್ಳುತ್ತದೆ.

ಟೈಪ್‌ಡೆಫ್ ಇಂಟ್ (*ಹೋಲಿಕೆ)(ಇಂಟ್, ಇಂಟ್);

ಈಗ ಅದೇ ಟೈಪಿನ ಹೆಸರಾಯಿತು. ಆ ಟೈಪಿನ 'ಎಚ್' ಎಂಬ ವೇರಿಯಬಲ್ ಬೇಕಾದರೆ 'ಹೋಲಿಕೆ ಎಚ್;' ಎಂದು ಬರೆದರೆ ಸಾಕು. ಅರೇಗೂ ಇದೇ ದಾರಿ: 'ಟೈಪ್‌ಡೆಫ್ ಇಂಟ್ ಸಾಲು[10];' ಎಂಬಲ್ಲಿಯೂ ಹೆಸರು ತುದಿಯಲ್ಲಿಲ್ಲ, ನೋಡಿ.

ನಕ್ಷತ್ರದ ಸುತ್ತಲಿನ ಕಂಸವನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಆ ಸಾಲಿನಲ್ಲಿ ಕಂಪೈಲರ್ ಸುಮ್ಮನಿರುತ್ತದೆ, ಆದರೆ ಅರ್ಥ ಬದಲಾಗಿ, 'ಹೋಲಿಕೆ' ಎಂಬುದು ಇಂಟ್ ಪಾಯಿಂಟರ್ ಹಿಂದಿರುಗಿಸುವ ಫಂಕ್ಷನ್‌ನ ಟೈಪ್ ಆಗುತ್ತದೆ. ಎರರ್ ಬರುವುದು ಎಷ್ಟೋ ಸಾಲು ಕೆಳಗೆ, 'ಕೂಡು' ಎಂಬ ಫಂಕ್ಷನ್‌ನ ವಿಳಾಸ ಇಡಲು 'ಹೋಲಿಕೆ ಎಚ್ = ಕೂಡು;' ಎಂದು ಬರೆದಾಗ.