ಹನ್ನೊಂದು ದಿನದ ನೆನಪು, ಮೂರು ತಿಂಗಳಿಗೊಂದು ಮೀಟಿಂಗು

ಪೊಲೀಸರ ಮೇಲೆ ಕಣ್ಣಿಡಲು ಊರೂರಿಗೆ ಒಂದು ನಾಗರಿಕ ಸಲಹಾ ಆಯೋಗ ಬೇಕು ಎಂಬ ಮಾತು ಮತ್ತೆ ಎದ್ದಿದೆ. ಬಹಳ ಸಂತೋಷ. ಅದರಲ್ಲಿ ಯಾರ್‍ಯಾರು ಇರಬೇಕು ಎಂಬ ಪಟ್ಟಿ ದಾವಣಗೆರೆಯ ಟೀ ಅಂಗಡಿಗಳಲ್ಲಿ ಆಗಲೇ ಮೂರು ಸಲ ತಯಾರಾಗಿ ನಾಲ್ಕು ಸಲ ತಿದ್ದುಪಡಿ ಆಗಿದೆ. ಯಾವ ಜಾತಿಗೆ ಎಷ್ಟು, ಯಾವ ವಾರ್ಡಿಗೆ ಎಷ್ಟು, ಹಿಂದಿನ ಸಲ ಆಶ್ರಯ ಸಮಿತಿ ಕೈತಪ್ಪಿ ಮುನಿಸಿಕೊಂಡವರಿಗೆ ಎಷ್ಟು, ಎಲ್ಲ ಲೆಕ್ಕ ಪಕ್ಕಾ. ಆಯೋಗದ ಕೆಲಸ ಏನು ಅಂತ ಮಾತ್ರ ಇನ್ನೂ ಯಾರೂ ಕೇಳಿಲ್ಲ. ಅಷ್ಟು ಅವಸರ ಯಾಕೆ?

ಹೆಸರಿನಲ್ಲೇ ಇದೆ ನೋಡಿ, ಸಲಹೆ. ಮದುವೆ ಮನೆಯ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಯಜಮಾನರೊಬ್ಬರು ಇರುತ್ತಾರಲ್ಲ, ಅದು ಸಲಹಾ ಸಮಿತಿ. ‘ಸಾರಿಗೆ ಉಪ್ಪು ಸಾಲದಲ್ಲೋ’ ಅಂತಾರೆ. ಭಟ್ಟರು ‘ಆಗ್ಲಿ ಯಜಮಾನ್ರೇ’ ಅಂತಾರೆ. ಸಾರು ಹೇಗಿತ್ತೋ ಹಾಗೇ ಪಂಕ್ತಿಗೆ ಹೋಗುತ್ತದೆ. ಯಜಮಾನರ ಮರ್ಯಾದೆಗೂ ಧಕ್ಕೆ ಇಲ್ಲ, ಭಟ್ಟರ ಕೈರುಚಿಗೂ ಇಲ್ಲ.

ಹಾಗೆ ನೋಡಿದರೆ ನಮಗೆ ಇದರಲ್ಲಿ ದೊಡ್ಡ ಅನುಭವವೇ ಇದೆ. ಗಣೇಶ ಹಬ್ಬಕ್ಕೆ ಮೊದಲು ಶಾಂತಿ ಸಭೆ, ಈದ್ ಮಿಲಾದಿಗೆ ಮೊದಲು ಶಾಂತಿ ಸಭೆ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಅದಕ್ಕೂ ಒಂದು. ಮುಂದಿನ ಸಾಲಿನಲ್ಲಿ ಪ್ರತಿ ವರ್ಷ ಅದೇ ಮುಖಗಳು. ‘ನಮ್ಮೂರು ಸೌಹಾರ್ದಕ್ಕೆ ಹೆಸರಾದ ಊರು’ ಎಂಬ ಮೊದಲ ವಾಕ್ಯ ಎಲ್ಲ ಭಾಷಣಕ್ಕೂ ಸಮಾನ. ರಾತ್ರಿ ಹತ್ತರ ಮೇಲೆ ಮೈಕ್ ಇಲ್ಲ, ಡಿಜೆ ಇಲ್ಲ ಅಂತ ಸಾಹೇಬರು ಹೇಳುತ್ತಾರೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಎಂಬುದು 2000ನೇ ಇಸವಿಯ ಶಬ್ದ ನಿಯಮ. ಸಭೆಯ ಮೈಕೇ ಅದನ್ನು ದಾಟಿರುತ್ತದೆ.

ಇಂಥ ಸಭೆಗಳಲ್ಲಿ ಕೊಡುವ ಮಂಡಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಆಯೋಗ ಬಂದರೆ ಅದರ ಮುಖ್ಯ ಖರ್ಚು ಇದೇ ಆಗುವುದರಿಂದ. ಒಗ್ಗರಣೆ, ಖಾರ, ಪುಟಾಣಿ ಹಿಟ್ಟು ಕಲಸಿದ ಮಂಡಕ್ಕಿ ಒಣಗಿದ್ದರೆ ಸಂಜೆವರೆಗೂ ಗರಿಗರಿ. ಈರುಳ್ಳಿ, ಟೊಮೇಟೊ ಬಿದ್ದ ಗಳಿಗೆಯಿಂದ ಅದರ ಆಯುಸ್ಸು ಹತ್ತು ನಿಮಿಷ. ಅದಕ್ಕೇ ಗೊತ್ತಿದ್ದವರು ಹಸಿ ಸಾಮಾನು ಪಕ್ಕಕ್ಕಿಟ್ಟು, ಗಿರಾಕಿ ಎದುರು ನಿಂತಮೇಲೆ ಕಲಸುತ್ತಾರೆ. ಸಭೆಯಲ್ಲಿ ಹಾಗಾಗುವುದಿಲ್ಲ. ‘ಸಾಹೇಬ್ರು ಆಫೀಸ್ ಬಿಟ್ರಂತೆ’ ಎಂಬ ಫೋನು ಬಂದ ಕೂಡಲೇ ಇಡೀ ಬುಟ್ಟಿಗೆ ಒಟ್ಟಿಗೇ ಈರುಳ್ಳಿ ಸುರಿದುಬಿಡುತ್ತಾರೆ. ಸಾಹೇಬರು ದಾರಿಯಲ್ಲಿ ಇನ್ನೊಂದು ಬಂದೋಬಸ್ತ್ ನೋಡಿಕೊಂಡು ಒಂದೂವರೆ ಗಂಟೆ ಬಿಟ್ಟು ಬರುತ್ತಾರೆ. ಆಗ ತಟ್ಟೆಯಲ್ಲಿ ಉಳಿದಿರುವುದು ಒದ್ದೆ ಹತ್ತಿ. ಜೊತೆಗಿನ ಮೆಣಸಿನಕಾಯಿ ಬಜ್ಜಿಯೂ ಅಷ್ಟೊತ್ತಿಗೆ ಬೆವೆತು ಕೂತಿರುತ್ತದೆ. ಸಮಯಕ್ಕೆ ಸರಿಯಾಗಿ ಬಂದ ಬಡಪಾಯಿಗಳು ಅದನ್ನೇ ತಿಂದು ಚಪ್ಪಾಳೆ ತಟ್ಟುತ್ತಾರೆ.

ಆಯೋಗದ ಸದಸ್ಯರ ಕಾರಿನ ಬೋರ್ಡಿನ ವಿನ್ಯಾಸ ಊಹಿಸುವುದು ಕಷ್ಟವಲ್ಲ. ಕೆಂಪು ಹಲಗೆ, ನಂಬರ್ ಪ್ಲೇಟಿಗಿಂತ ಒಂದು ಗೇಣು ಅಗಲ. ಹೆಬ್ಬಾಳು ಟೋಲ್‌ನಲ್ಲಿ ಅದಕ್ಕೆ ರಿಯಾಯ್ತಿ ಇಲ್ಲ ಅಂತ ಗೊತ್ತಾದ ದಿನ ಆಯೋಗದ ಮೊದಲ ತುರ್ತು ಸಭೆ.

ಪಕ್ಕದ ದುರ್ಗದವರು ಈ ವಿಷಯದಲ್ಲಿ ನಮಗಿಂತ ಹಳಬರು. 1997ರವರೆಗೆ ನಾವೂ ಅದೇ ಜಿಲ್ಲೆಯಲ್ಲಿದ್ದವರಾದ್ದರಿಂದ ಆ ಹೆಮ್ಮೆಯಲ್ಲಿ ನಮಗೂ ಪಾಲಿದೆ. ಕಾವಲಿನವನು ಊಟಕ್ಕೆ ಬಂದ ಹೊತ್ತಿನಲ್ಲಿ ಕಿಂಡಿಯ ಕಡೆ ಸದ್ದು ಕೇಳಿ ಅವನ ಹೆಂಡತಿ ಒನಕೆ ಎತ್ತಿದಳು. ಕಾವಲುಗಾರನ ಕೆಲಸವನ್ನು ಸಂಬಳವಿಲ್ಲದ ನಾಗರಿಕರೊಬ್ಬರು ನಿಭಾಯಿಸಿದ, ಇಡೀ ನಾಡಿಗೆ ಗೊತ್ತಿರುವ ಪ್ರಕರಣ ಇದು. ಓಬವ್ವನಿಗೆ ಅಧಿಸೂಚನೆ ಇರಲಿಲ್ಲ, ಪ್ರಯಾಣ ಭತ್ಯೆ ಇರಲಿಲ್ಲ. ಇದ್ದದ್ದು ಎರಡೇ: ಕಿಂಡಿ ಎಲ್ಲಿದೆ ಅಂತ ಗೊತ್ತಿತ್ತು, ಕೈಯಲ್ಲಿ ಒನಕೆ ಇತ್ತು. ಇವತ್ತಿನ ಪದ್ಧತಿಯಲ್ಲಾದರೆ ಆಕೆ ‘ಕಿಂಡಿಯ ಬಳಿ ಸದ್ದು ಕೇಳಿಬಂದಿದ್ದು, ಸೂಕ್ತ ಕ್ರಮಕ್ಕೆ ಸಲಹೆ ನೀಡಲಾಗಿದೆ’ ಎಂದು ಮೂರು ಪ್ರತಿಯಲ್ಲಿ ಬರೆದುಕೊಟ್ಟು ಗಂಡನ ಊಟ ಮುಗಿಯುವುದನ್ನು ಕಾಯಬೇಕಿತ್ತು.

ಇನ್ನು ಕಣ್ಣುಗಳ ವಿಚಾರ. ಪೊಲೀಸರ ಮೇಲೆ ಕಣ್ಣೇ ಇಲ್ಲ ಅಂತ ತಿಳಿದವರು ತಪ್ಪು ತಿಳಿದಿದ್ದಾರೆ. ಪುರಾಣದ ಇಂದ್ರನಿಗೆ ಮೈಯೆಲ್ಲ ಕಣ್ಣಾದ ಹಾಗೆ ನಮ್ಮ ಠಾಣೆಗಳಿಗೂ ಆಗಿದೆ, ಕಾಗದದ ಮೇಲೆ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಹನ್ನೊಂದು ಸೂಚನೆ ಇವೆ: ಬಂಧನದ ಮೆಮೊಗೆ ಮನೆಯವರ ಅಥವಾ ಆ ಬೀದಿಯ ಗೌರವಸ್ಥರ ಸಹಿ, ಕಸ್ಟಡಿಯಲ್ಲಿ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ, 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ಮಾಹಿತಿ, ಹೀಗೆ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಜ್ಯಕ್ಕೊಂದು ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಲಿ, ಅದು ಹೇಳಿದ್ದನ್ನು ಸರ್ಕಾರ ಪಾಲಿಸಲೇಬೇಕು ಎಂದಿತು. ಸಲಹೆ ಅಲ್ಲ, ಗಮನಿಸಿ. 2015ರಲ್ಲಿ ಅದೇ ಬಸು ಪ್ರಕರಣದ ಮುಂದುವರಿಕೆಯಲ್ಲಿ, ಜೈಲುಗಳಿಗೂ ಠಾಣೆಗಳಿಗೂ ಅಧಿಕಾರಿಗಳಲ್ಲದ ಸಂದರ್ಶಕರನ್ನು ನೇಮಿಸುವುದನ್ನು ಪರಿಗಣಿಸಿ ಎಂದು ರಾಜ್ಯಗಳಿಗೆ ಹೇಳಿತು. ಪರಿಗಣಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯ ನಾಗರಿಕರು ಇಬ್ಬಿಬ್ಬರಾಗಿ, ಮುಂಚೆ ಹೇಳದೆ, ಅಪರಾತ್ರಿಯಲ್ಲೂ ಠಾಣೆಯ ಲಾಕಪ್ಪಿಗೆ ಹೋಗಿ ಒಳಗಿರುವವರನ್ನು ಮಾತಾಡಿಸಬಹುದು. 2002ರಿಂದ ಅದು ಅಲ್ಲಿ ಕಾನೂನು. ನಮ್ಮಲ್ಲಿ ಅಪರಾತ್ರಿ ಠಾಣೆಗೆ ಹೋಗುವ ನಾಗರಿಕ ಒಂದೋ ದೂರುದಾರ, ಇಲ್ಲವೇ ಆರೋಪಿ. ಎರಡಕ್ಕೂ ಬೆಂಚು ಒಂದೇ.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಪ್ರಾಧಿಕಾರವನ್ನೂ ಸೇರಿಸಿತು. ನಿವೃತ್ತ ನ್ಯಾಯಾಧೀಶರ ಕುರ್ಚಿಯಲ್ಲಿ ಪ್ರಾದೇಶಿಕ ಆಯುಕ್ತರನ್ನು ಕೂರಿಸಿತು. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ವಿಭಾಗ. ಆಯುಕ್ತರ ಕಚೇರಿ ಬೆಂಗಳೂರಿನಲ್ಲಿ, ಅವರ ಸುಪರ್ದಿಗೆ ಒಂಬತ್ತು ಜಿಲ್ಲೆ. ಜಗಳೂರಿನಲ್ಲಿ ಒದೆ ತಿಂದವನು ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಬಸ್ಸಿನಲ್ಲಿ ಕೂತು ಹೋಗಿ ‘ಇಲ್ಲಿ ನೋಯುತ್ತೆ’ ಅಂತ ತೋರಿಸಬೇಕು. ಅಷ್ಟು ಹೊತ್ತು ಕೂತಮೇಲೆ ಯಾವ ನೋವು ಪೊಲೀಸರದು, ಯಾವುದು ಸಾರಿಗೆ ಸಂಸ್ಥೆಯದು ಅಂತ ವೈದ್ಯರಿಗೂ ಹೇಳಲಾಗದು.

ಕಡೆಯ ಕಣ್ಣು ನಿಜವಾದ ಕಣ್ಣೇ, ಸಿಸಿಟಿವಿ. 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪು ಕ್ಯಾಮೆರಾ ಎಲ್ಲೆಲ್ಲಿ ಬೇಕು ಅಂತ ಹೆಸರಿಟ್ಟು ಹೇಳಿದೆ: ಮುಖ್ಯ ಗೇಟು, ಒಳಹೊರಗಿನ ದಾರಿ, ಎಲ್ಲ ಲಾಕಪ್ಪು, ಎಲ್ಲ ಕಾರಿಡಾರು, ಇನ್‌ಸ್ಪೆಕ್ಟರ್ ಕೋಣೆ, ಎಸ್‌ಐ ಕೋಣೆ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ. ಹಿಂಭಾಗ ಅಂತ ಬರೆಸಿದವರಿಗೆ ಠಾಣೆ ಚೆನ್ನಾಗಿ ಗೊತ್ತು. ಚಿತ್ರದ ಜೊತೆ ಧ್ವನಿಯೂ ದಾಖಲಾಗಬೇಕು, ರಾತ್ರಿಯೂ ಕಾಣಬೇಕು, ಹದಿನೆಂಟು ತಿಂಗಳು ಉಳಿಯಬೇಕು. ಅಷ್ಟು ಸಾಮರ್ಥ್ಯದ ಉಪಕರಣ ಪೇಟೆಯಲ್ಲಿ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲ.

ಈಗ ಗಣಿತ ಮಾಡೋಣ, ಅಂಗಡಿ ಲೆಕ್ಕವೇ ಸಾಕು. ಹದಿನಾರು ಕ್ಯಾಮೆರಾ. ಒಂದೊಂದೂ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ಹದಿನಾರಕ್ಕೆ ದಿನಕ್ಕೆ ಸುಮಾರು 345 ಜಿಬಿ. ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನಲ್ಲಿ ಒಂದೇ ಒಂದು 4 ಟಿಬಿ ಹಾರ್ಡ್ ಡಿಸ್ಕ್ ಇದ್ದರೆ ಅದು ಹನ್ನೊಂದೂವರೆ ದಿನಕ್ಕೆ ತುಂಬುತ್ತದೆ. ತುಂಬಿದಮೇಲೆ ಅದು ನಿಲ್ಲುವುದಿಲ್ಲ, ಯಾರ ಅನುಮತಿಯನ್ನೂ ಕೇಳದೆ ಮೊದಲ ದಿನದ ಮೇಲೆ ಹನ್ನೆರಡನೇ ದಿನವನ್ನು ಬರೆಯುತ್ತದೆ. ಹದಿನೆಂಟು ತಿಂಗಳಿಗೆ ಬೇಕಾಗುವುದು ಸುಮಾರು 187 ಟಿಬಿ, ಅಂದರೆ ಅಂಥ 47 ಡಿಸ್ಕು. ಚಿತ್ರವನ್ನು ಹೊಸ ವಿಧಾನದಲ್ಲಿ ಕುಗ್ಗಿಸಿ ಬಿಟ್‌ ಲೆಕ್ಕ ಅರ್ಧಕ್ಕಿಳಿಸಿದರೂ ಒಂದು ಡಿಸ್ಕಿನ ನೆನಪು ಇಪ್ಪತ್ತಮೂರು ದಿನಕ್ಕೆ ಮುಗಿಯಿತು. ಮುಂದಿನ ಸಲ ‘ಆ ದಿನದ ದೃಶ್ಯ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಯಾರೋ ಅಳಿಸಿದರು ಅಂತ ಸುಮ್ಮಸುಮ್ಮನೆ ಅನುಮಾನಿಸಬೇಡಿ. ಅಳಿಸುವ ಶ್ರಮವನ್ನೂ ಯಾರೂ ತೆಗೆದುಕೊಂಡಿರಬೇಕಿಲ್ಲ. ಸುಮ್ಮನಿದ್ದರೆ ಸಾಕು.

ಡಿಸ್ಕ್ ಒಂದೇ ಅಲ್ಲ. ರಾತ್ರಿ ಕಾಣಲೆಂದು ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ದೀಪ ಇರುತ್ತದೆ. ಅದಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಗಾಜಿನ ಮೇಲೆ ಬಲೆ. ವಾರಕ್ಕೊಮ್ಮೆ ಒರೆಸದಿದ್ದರೆ ಲಾಕಪ್ಪಿನ ದೃಶ್ಯ ಮಂಜು ಮುಸುಕಿದ ಜೋಗಿಮಟ್ಟಿ ಬೆಟ್ಟ. ಬೆಸ್ಕಾಂ ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ದಾಖಲೆ ಅಲ್ಲಿಗೇ ಕಡಿತ. ಡಿವಿಆರ್ ಒಳಗೆ ಗಡಿಯಾರಕ್ಕೆಂದು ಒಂದು ಬಿಲ್ಲೆ ಸೆಲ್ ಇರುತ್ತದೆ. ಅದು ಮುಗಿದಿದ್ದರೆ ಕರೆಂಟು ಬಂದ ಕೂಡಲೇ ತಾರೀಖು ಹಿಂದೆ ಓಡಿ 2000ನೇ ಇಸವಿಯ ಜನವರಿ 1ಕ್ಕೋ ಅಂಥದ್ದೇ ಇನ್ನೊಂದಕ್ಕೋ ಹೋಗಿ ಕೂರುತ್ತದೆ. ಕೋರ್ಟಿಗೆ ಆ ದೃಶ್ಯ ಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಕಡತ ಯಾರೂ ತಿದ್ದಿಲ್ಲ ಅಂತ ತೋರಿಸುವ ಹ್ಯಾಶ್ ಮೌಲ್ಯ ಎಲ್ಲ ಬೇಕು. ಏಟು ಬಿದ್ದವನು ಇನ್ನೂ ಹುಟ್ಟೇ ಇರದ ದಿನ ಏಟು ಬಿತ್ತು ಅಂತ ಯಾವ ವಕೀಲ ವಾದಿಸಿಯಾನು?

ಇದನ್ನೆಲ್ಲ ನೋಡಿಕೊಳ್ಳಲು ಅದೇ ತೀರ್ಪು ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿ ಮಾಡಿದೆ. ಯಾರಿದ್ದಾರೆ? ಮತ್ತೆ ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ. ಜನರ ಪರವಾಗಿ ಮೇಯರ್, ಗ್ರಾಮಾಂತರಕ್ಕೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು. ನಮ್ಮ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ಚುನಾವಣೆ ಇಲ್ಲದೆ ಆ ಕುರ್ಚಿ ವರ್ಷಗಟ್ಟಲೆ ಧೂಳು ಹಿಡಿಯಿತು. ಅಂದರೆ ಪೊಲೀಸರನ್ನು ನೋಡಲು ಇಟ್ಟ ಕಣ್ಣುಗಳಲ್ಲಿ ಜನ ಆರಿಸಿದ ಕಣ್ಣೇ ಕುರುಡು, ಪೊಲೀಸರ ಕಣ್ಣು ಮಾತ್ರ ಆರೋಗ್ಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಸ್ವಯಂಪ್ರೇರಿತವಾಗಿ ಠಾಣೆಗಳ ಕ್ಯಾಮೆರಾಗಳ ವಿಚಾರ ಎತ್ತಿಕೊಳ್ಳಬೇಕಾಯಿತು.

ಆಯೋಗದವರು ಠಾಣೆಗೆ ಬಂದರೆ ಅವರಿಗೆ ಎಫ್‌ಐಆರ್ ಪುಸ್ತಕ ತೋರಿಸುತ್ತಾರೆ. ಅಚ್ಚುಕಟ್ಟಾಗಿರುತ್ತದೆ. ನೋಡಬೇಕಾದದ್ದು ಅದಲ್ಲ, ಅರ್ಜಿ ರಿಜಿಸ್ಟರು. ಏನಾಗುತ್ತದೆಂದರೆ, ದೂರು ತಂದವನಿಗೆ ರೈಟರ್ ಮೊದಲು ‘ಇದು ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗ್ರಿ’ ಅಂತಾನೆ. ಜಗ್ಗದಿದ್ದರೆ ಎಫ್‌ಐಆರ್ ಬದಲು ಅರ್ಜಿ ನಂಬರ್ ಬೀಳುತ್ತದೆ. ಎರಡೂ ಕಡೆಯವರನ್ನು ಕರೆಸಿ ಸಂಜೆವರೆಗೆ ಕೂರಿಸಿದರೆ ಯಾರಿಗೆ ಹಸಿವು ಮೊದಲೋ ಅವರು ರಾಜಿ. ಆಮೇಲೆ ಹಿಂಬರಹ: ‘ಅರ್ಜಿದಾರರು ಹಾಗೂ ಎದುರುದಾರರು ರಾಜಿಯಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’ ಜಿಲ್ಲೆಯಲ್ಲಿ ಅಪರಾಧ ಇಳಿಮುಖ. ಸಂಜ್ಞೇಯ ಅಪರಾಧವಾದರೆ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ, ಎಫ್‌ಐಆರ್ ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದೆ. ಹದಿನಾಲ್ಕು ದಿನ. ಡಿಸ್ಕಿನ ನೆನಪು ಹನ್ನೊಂದೂವರೆ.

2024ರ ಮೇನಲ್ಲಿ ಚನ್ನಗಿರಿಯಲ್ಲಿ ನಡೆದದ್ದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಠಾಣೆಗೆ ಕರೆತಂದ ಒಬ್ಬ ಮನುಷ್ಯ ಸತ್ತ. ಮನೆಯವರು ಒಂದು ಹೇಳಿದರು, ಪೊಲೀಸರು ಇನ್ನೊಂದು ಹೇಳಿದರು. ರಾತ್ರಿ ಠಾಣೆಯ ಮೇಲೆ ಕಲ್ಲು ಬಿತ್ತು, ವಾಹನಗಳು ಜಖಂ ಆದವು, ಪೊಲೀಸರಿಗೂ ಗಾಯವಾಯಿತು. ಡಿವೈಎಸ್‌ಪಿ, ಇನ್‌ಸ್ಪೆಕ್ಟರ್ ಅಮಾನತಾದರು, ಸಿಐಡಿ ಬಂತು. ಸಾವಿಗೆ ಕಾರಣ ಏನು ಅಂತ ಅಂಕಣ ಬರೆಯುವವರು ತೀರ್ಪು ಕೊಡಬಾರದು. ಆದರೆ ಆ ರಾತ್ರಿ ಠಾಣೆಯ ಮುಂದೆ ಬಂದು, ‘ಡಿವಿಆರ್ ನಮ್ಮ ಸೀಲಿನಲ್ಲಿದೆ, ಇನ್ನು ಯಾರೂ ಮುಟ್ಟುವ ಹಾಗಿಲ್ಲ, ನಾಳೆ ನೀವೇ ಬಂದು ನೋಡಿ’ ಎಂದು ಹೇಳಬಲ್ಲ, ಎರಡೂ ಕಡೆಯವರು ನಂಬುವ ಒಬ್ಬೇ ಒಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ಇದ್ದನೇ? 1996, 2006, 2012, 2015, 2020 ಎಲ್ಲ ಆಗಿ ಹೋಗಿತ್ತು. ಇಷ್ಟು ವರ್ಷ ಕಾಗದ ಖರ್ಚು ಮಾಡಿ ಅಂಥ ಒಬ್ಬನನ್ನು ನೇಮಿಸಲಾಗಲಿಲ್ಲ. ಈಗ ಸಲಹೆ ಕೊಡಲು ಹನ್ನೆರಡು ಜನ ಬೇಕಂತೆ. ನಗು ಬರುತ್ತಿಲ್ಲ.

ಆ ಹನ್ನೆರಡು ಜನರಿಗೆ ಕಾರೂ ಬೇಡ, ಬೋರ್ಡೂ ಬೇಡ. ದೂರು ಬಂದ 24 ಗಂಟೆಯೊಳಗೆ ದೃಶ್ಯ ಕಾಯ್ದಿರಿಸುವಂತೆ ಆದೇಶಿಸುವ ಅಧಿಕಾರ, ಹೇಳದೇ ಕೇಳದೇ ಲಾಕಪ್ಪಿಗೆ ಹೋಗುವ ಹಕ್ಕು, ಅರ್ಜಿ ರಿಜಿಸ್ಟರನ್ನೂ ಎಫ್‌ಐಆರ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ, ಎಸ್‌ಪಿ ಒಪ್ಪದಿದ್ದರೆ ಕಾರಣವನ್ನು ಬರೆದುಕೊಡುವ ನಿಯಮ ಇದ್ದರೆ ಮೂರೇ ಜನ ಸಾಕು. ಅಲ್ಲಿಯತನಕ ದೂರು ಕೊಡುವವರು ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದೇ ಹೊಸ ಸಂಹಿತೆಯ 173(4)ರಡಿ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆ. ಆ ಕಾಗದದಲ್ಲೇ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯ ಅಳಿಯದಂತೆ ತೆಗೆದಿಡಿ ಎಂಬ ಒಂದು ಸಾಲು ಮರೆಯದೆ ಸೇರಿಸಿ.

ಆಯೋಗದ ಮೊದಲ ಸಭೆಯ ನಡಾವಳಿ ಹೇಗಿರುತ್ತದೆಂದು ಈಗಲೇ ಬರೆದಿಡಬಹುದು. ವಿಷಯ ಒಂದು: ಅಧ್ಯಕ್ಷರಿಗೆ ಹಾಗೂ ಸದಸ್ಯರಿಗೆ ಸನ್ಮಾನ, ನೆರವೇರಿತು. ವಿಷಯ ಎರಡು: ಲಾಂಛನ ಮತ್ತು ಗುರುತಿನ ಚೀಟಿ, ಅನುಮೋದಿಸಲಾಯಿತು. ವಿಷಯ ಮೂರು: ಉಪಾಹಾರದ ಗುಣಮಟ್ಟ, ಮಂಡಕ್ಕಿ ಮೆತ್ತಗಿದ್ದ ಬಗ್ಗೆ ಸದಸ್ಯರು ತೀವ್ರ ಅಸಮಾಧಾನ ವ್ಯಕ್ತಪಡಿಸಿದ್ದು, ಉಪಸಮಿತಿ ರಚಿಸಲು ತೀರ್ಮಾನಿಸಲಾಯಿತು. ವಿಷಯ ನಾಲ್ಕು: ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿರಿಸಲು ಕೋರಿ ಬಂದ ಅರ್ಜಿ, ಸಮಯದ ಅಭಾವದಿಂದ ಮುಂದಿನ ತ್ರೈಮಾಸಿಕ ಸಭೆಯಲ್ಲಿ ಮಂಡಿಸಲು ಸೂಚಿಸಲಾಯಿತು.