ನೋಡಾಮ್ರಿ

ನನ್ನ ತಂಗಿಯ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಕೋಚಿಂಗ್ ಮುಗಿಸಿ ಸಂಜೆ ನಮ್ಮ ಮನೆಗೆ ಬರುತ್ತಾಳೆ. ನಮ್ಮ ಓಣಿಯಲ್ಲಿ ಇಂಗ್ಲಿಷಿನ ವಿಷಯಕ್ಕೆ ನನಗೆ ಸ್ವಲ್ಪ ಹೆಸರಿದೆ. ಕರೆಂಟ್ ಬಿಲ್ ಜಾಸ್ತಿ ಬಂದರೆ ಅರ್ಜಿ ಬರೆಸಲು ಜನ ನನ್ನ ಹತ್ತಿರವೇ ಬರುತ್ತಾರೆ. ಆ ಅರ್ಜಿಯಿಂದ ಇದುವರೆಗೆ ಯಾರ ಬಿಲ್ಲೂ ಕಡಿಮೆಯಾಗಿಲ್ಲ, ಅದು ಬೇರೆ ಮಾತು.

ಮೊನ್ನೆ ಅವಳು ನೋಟ್‌ಬುಕ್ ತೆಗೆದು ಮುಂದಿಟ್ಟಳು. "ಮಾಮಾ, ಇವೆಲ್ಲಾ ಬ್ಯಾಡ ಅನ್ನೋ ಶಬ್ದ ಅಂತ್ರಿ. ನನಗ ಎಲ್ಲಾ ಒಂದೇ ಕಾಣ್ಲತ್ತಾವ. ಫರಕ್ ಹೇಳ್ರಿ."

ನೋಡಿದೆ. ರಿಜೆಕ್ಟ್, ಸ್ನಬ್, ರಿಬಫ್, ಶನ್, ಜಿಲ್ಟ್, ಬಾಯ್ಕಾಟ್... ಪುಟ ತುಂಬಿತ್ತು. ಇಷ್ಟು ತರಹ ಬೇಡ ಅನ್ನಿಸಿಕೊಂಡವರು ಯಾರಪ್ಪಾ ಅಂತ ಯೋಚಿಸಿದೆ. ನಾನೇ. ಉದಾಹರಣೆಗೆ ಬೇರೆ ಕಡೆ ಹೋಗುವ ಗರಜೇ ಬೀಳಲಿಲ್ಲ.

ರಿಜೆಕ್ಟ್ ಸುಲಭ. ಅದರ ಮೂಲ ಲ್ಯಾಟಿನ್ನಿನಲ್ಲಿದೆ, ಹಿಂದಕ್ಕೆ ಎಸೆಯುವುದು ಅಂತ ಅರ್ಥ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಜಿನಲ್ಲಿ ವ್ಯಾಪಾರಿ ತೊಗರಿ ಚೀಲಕ್ಕೆ ಕೈ ಹಾಕುತ್ತಾನೆ. ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಹರಡಿ ನೋಡುತ್ತಾನೆ, ಒಂದು ಕಾಳು ಕಡಿಯುತ್ತಾನೆ. ಮಾತಿಲ್ಲದೆ ಉಳಿದದ್ದನ್ನು ಚೀಲಕ್ಕೇ ಎಸೆದು ಮುಂದಿನ ಚೀಲಕ್ಕೆ ಹೋಗುತ್ತಾನೆ. ಅದೇ ರಿಜೆಕ್ಟ್.

ಆದರೆ ಕಾಗದದಲ್ಲಿ ಬರುವ ರಿಜೆಕ್ಟ್ ಹೀಗಿರುವುದಿಲ್ಲ. ಡಿಗ್ರಿ ಮುಗಿಸಿದ ವರ್ಷ ನಾನೊಂದು ಕಂಪನಿಗೆ ಅರ್ಜಿ ಹಾಕಿದ್ದೆ. ಒಂದು ದಿನ ಟೈಪ್ ಮಾಡಿದ ಕಾಗದ ಬಂತು. ಅಪ್ಪ ಅದನ್ನು ಎರಡೂ ಕೈಯಿಂದ ಇಸಿದುಕೊಂಡರು. "ಏನ್ ಬರದಾರ, ಜೋರಾಗಿ ಓದು," ಅಂದರು. ನಾನು "ಥ್ಯಾಂಕ್ ಯು" ಅಂತ ಶುರು ಮಾಡಿದೆ. ನಮ್ಮಪ್ಪನಿಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅದೊಂದು ಪಕ್ಕಾ ಇತ್ತು. ಥ್ಯಾಂಕ್ ಯು ಅಂದ ಮೇಲೆ ಇನ್ನೇನು? ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಎರಡನೇ ಸಾಲಿನ "ರಿಗ್ರೆಟ್"ಗೆ ಬರುವ ಹೊತ್ತಿಗೆ ಅವರು ಮಿಠಾಯಿ ಅಂಗಡಿ ಮುಟ್ಟಿದ್ದರು. ಓಣಿಗೆಲ್ಲಾ ಒಂದು ಕಿಲೋ ಪೇಢೆ ಹಂಚಿದರು. ರಾತ್ರಿ ಅರ್ಥ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಬ್ಯಾಡ ಅನ್ನೋರು ಥ್ಯಾಂಕ್ ಯು ಯಾಕ ಅಂತಾರ?" ಅಂದರು. ನನಗೆ ಇವತ್ತಿಗೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಪೇಢೆ ತಿಂದವರು ಮಾತ್ರ ವರ್ಷಪೂರ್ತಿ "ಡ್ಯೂಟಿಗೆ ಯಾವಾಗ ಹೋಗ್ತಿ?" ಅಂತ ಕೇಳುತ್ತಿದ್ದರು.

ಸ್ನಬ್ ಅಂದರೆ ಕಂಡೂ ಕಾಣದ ಹಾಗೆ ಹೋಗುವುದು, ಮಾತಾಡಿಸಿದವರನ್ನು ಮೊಟಕು ಮಾಡುವುದು. ಮೊಂಡು ಮೂಗಿಗೂ ಇಂಗ್ಲಿಷಿನಲ್ಲಿ ಸ್ನಬ್ ನೋಸ್ ಅನ್ನುತ್ತಾರೆ. ಎರಡೂ ಒಂದೇ ಬೇರಿನ ಮಾತು. ನಾವೂ ಮೂಗು ಮುರಿಯುತ್ತೇವೆ ಅಲ್ವಾ? ಪಾಪ, ಮುರಿಯುವುದು ನಮ್ಮದೇ ಮೂಗು. ಹೋದ ತಿಂಗಳು ಒಂದು ಮದುವೆಯಲ್ಲಿ ಹಳೇ ಪರಿಚಯದವರೊಬ್ಬರಿಗೆ ನಾನು ಕೈ ಎತ್ತಿದೆ. ಅವರು ನನ್ನನ್ನು ದಾಟಿ ಹಿಂದಿನ ಕಂಬವನ್ನು ನೋಡಿದರು. ಎತ್ತಿದ ಕೈಯನ್ನು ಏನು ಮಾಡುವುದು? ಕೂದಲು ಸವರಿಕೊಂಡ ಹಾಗೆ ಮಾಡಿದೆ. ನನಗೆ ಕೂದಲಿಲ್ಲ.

"ಕೋಲ್ಡ್ ಶೋಲ್ಡರ್ ಅಂದ್ರ?" ಅಂದಳು. ತಣ್ಣಗಿನ ಭುಜ ತೋರಿಸುವುದು, ಅಂದರೆ ಬೇಕಂತಲೇ ದೂರ ಇಡುವುದು. ಬೇಡದ ಅತಿಥಿಗೆ ತಣ್ಣಗಾದ ಕುರಿಯ ಭುಜದ ಮಾಂಸ ಬಡಿಸುತ್ತಿದ್ದರು, ಅದರಿಂದ ಈ ಮಾತು ಬಂತು ಅಂತ ಒಂದು ಕತೆ ಓಡಾಡುತ್ತದೆ. ಪದಗಳ ಮೂಲ ಹುಡುಕುವವರು ಆ ಕತೆಯನ್ನು ಒಪ್ಪುವುದಿಲ್ಲ. ಒಪ್ಪಿದರೂ ನಮ್ಮ ಕಡೆ ಅದು ನಡೆಯುವ ಆಟವಲ್ಲ. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ಇರುವಾಗ ಯಾರಾದರೂ ತಣ್ಣಗಿನ ಭುಜ ತೋರಿಸಿದರೆ ನಾವು ಅದಕ್ಕೇ ಒರಗಿ ಕೂಡುತ್ತೇವೆ. ಊಟ ತಣ್ಣಗೆ ಬಡಿಸಿ ಅವಮಾನ ಮಾಡೋಣ ಅಂದರೆ, ವಾರದ ಹಿಂದಿನ ಕಡಕ್ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಹಾಕಿಕೊಟ್ಟರೆ ಬೀಗರು ಇನ್ನೆರಡು ದಿನ ಜಾಸ್ತಿ ಇರುತ್ತಾರೆ.

ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು ಅಂದಾಗ ಅವಳು ನಂಬಲಿಲ್ಲ. ಚಾರ್ಲ್ಸ್ ಬಾಯ್ಕಾಟ್ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಜಮೀನ್ದಾರನೊಬ್ಬನ ಏಜೆಂಟ್. 1880ರಲ್ಲಿ ಗೇಣಿ ವಿಷಯಕ್ಕೆ ರೈತರಿಗೂ ಅವನಿಗೂ ಕೂಡಲಿಲ್ಲ. ಯಾರೂ ಅವನ ಹೊಲಕ್ಕೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಹೊರಗಿನಿಂದ ಐವತ್ತು ಜನರನ್ನು ಕರೆಸಿ, ಸೈನ್ಯದ ಕಾವಲಿನಲ್ಲಿ ಬೆಳೆ ತೆಗೆಸಿದರು.

"ನಿಮ್ ಮಾಮಾಗ ನಾ ಹೋದ ದೀಪಾವಳಿಗಿ ಮೂರು ದಿನ ಅದೇ ಮಾಡಿದ್ದೆ," ಅಂತ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು. "ಚಾ ಸೈತ ಕೊಟ್ಟಿಲ್ಲ." ನನಗೆ ಯಾವ ಸೈನ್ಯವೂ ಬರಲಿಲ್ಲ ಅನ್ನುವುದನ್ನು ಇಲ್ಲಿ ಸೇರಿಸುತ್ತೇನೆ.

ಸೊಸೆ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. "ಹಂಗಾರ ಮಾಮಾ, ನಮ್ ನೋಡಾಮ್ರಿಗಿ ಇಂಗ್ಲಿಷ್‌ನಾಗ ಏನಂತಾರ?"

ಇಲ್ಲಿ ನನ್ನ ಇಂಗ್ಲಿಷ್ ಕೈಕೊಟ್ಟಿತು. ಸಾಲ ಕೇಳಿದರೆ ನೋಡಾಮ್ರಿ. ದೇವರ ಪಟ್ಟಿ, ಅಂದರೆ ಚಂದಾ, ಕೇಳಿದರೆ ನೋಡಾಮ್ರಿ. ಕನ್ಯಾ ನೋಡಲು ಹೋದ ನಾಲ್ಕು ಮನೆಯಲ್ಲಿ ನನಗೆ ಉಪ್ಪಿಟ್ಟು ಕೊಟ್ಟು ಇದನ್ನೇ ಹೇಳಿದ್ದರು. ಯಾರೂ ಮತ್ತೆ ನೋಡಲಿಲ್ಲ. ಐದನೆಯದು ಆಳಂದದ ಮನೆ. ಅಲ್ಲಿ ಹಿರಿಯರು ಮೀಸೆ ಒರೆಸಿಕೊಂಡು "ನೋಡಾಮ್ರಿ" ಅಂದರು. ಅಪ್ಪ ಬಸ್ಸಿನಲ್ಲಿ "ಇದೂ ಹೋಯ್ತು" ಅಂದರು. ಈ ಸಲ ಪೇಢೆಯ ವಿಚಾರವನ್ನೇ ಎತ್ತಲಿಲ್ಲ. ಹನ್ನೊಂದು ದಿನ ಬಿಟ್ಟು ಆ ಹಿರಿಯರು ಸಕ್ಕರೆ, ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಗಾಬರಿಯಾದ ಅಪ್ಪನಿಗೆ, "ನೋಡಾಮ್ ಅಂದಿದ್ವಲ್ರಿ. ನೋಡಿದ್ವಿ," ಅಂದರು.

"ಹಂಗಾರ ಅದು ಹೌದೋ, ಅಲ್ಲೋ?" ಅವಳು ಪೆನ್ನು ಹಿಡಿದೇ ಕೂತಿದ್ದಳು.

ಗಂಟಲು ಒಣಗಿತ್ತು. ಅಡುಗೆಮನೆಯ ಕಡೆ ತಿರುಗಿ, "ಇನ್ನೊಂದು ಕಪ್ ಚಾ ಆಗ್ತದೇನ?" ಅಂತ ಕೇಳಿದೆ.

"ನೋಡಾಮ್ರಿ," ಅಂದಳು ಆಳಂದದವರ ಮಗಳು.

ಲೈಟರ್ ಒತ್ತಿದ ಸದ್ದು ಬರುತ್ತದೇನೋ ಅಂತ ಮಾಮಾ, ಸೊಸೆ ಇಬ್ಬರೂ ಕಿವಿಗೊಟ್ಟು ಕೂತೆವು.